ಬೋಳಾರದಲ್ಲಿ ನಾಲ್ಕು ತಂತಿ

ಮೂವತ್ತು ವರ್ಷ ಮದುವೆ ಹಾಲುಗಳಲ್ಲಿ ಬಾರಿಸಿದ ಮೇಲೂ
ಬೇಸ್ ಗಿಟಾರ್ ಅಂದರೆ ಎಂತದು ಎಂದು
ನನ್ನ ಭಾವ ಕೇಳುತ್ತಾನೆ.
ನಿಲ್ಲಿಸಿದಾಗ ಏನೋ ಕಡಿಮೆಯಾಯಿತಲ್ಲ ಅನಿಸುತ್ತದೆ ನೋಡು,
ಅದು, ಅನ್ನುತ್ತೇನೆ.
ತಲೆಯಾಡಿಸುತ್ತಾನೆ. ಗಂಜಿಗೆ ಉಪ್ಪಿಲ್ಲದ ದಿನ ಮಾತ್ರ
ಉಪ್ಪಿನ ಹೆಸರು ಹೇಳುವವ.

ಬೋಳಾರದಲ್ಲಿ, ನದಿಗೆ ಬೆನ್ನು ಹಾಕಿ ನಿಂತ
ಮುಚ್ಚಿದ ಹೆಂಚಿನ ಕಾರ್ಖಾನೆಯ ಕೊನೆಯ ಕೊಟ್ಟಿಗೆಯಲ್ಲಿ
ಬೊನಿಫಾಸ್ ಕುವೆಲ್ಲೊ ಕೂತಿದ್ದಾರೆ.
ವರ್ಷಕ್ಕೆ ಏಳು. ಕೆಲವು ವರ್ಷ ಐದು.
ಬೋರ್ಡಿಲ್ಲ. ದಾರಿ ಕೇಳಿದರೆ ಸೈಕಲ್ ಅಂಗಡಿಯವ
"ಆ ಬೆಂಚು ರಿಪೇರಿಯವರ?" ಅನ್ನುತ್ತಾನೆ.

ಆದರೂ ಬರುತ್ತಾರೆ.
ಶಿಲ್ಲಾಂಗಿನಿಂದ ಮೂರು ರೈಲು ಬದಲಿಸಿ ಬಂದ ಹುಡುಗ,
ಕೊಚ್ಚಿಯಲ್ಲಿ ಸಿನಿಮಾಕ್ಕೆ ಬಾರಿಸುವ ಮಿನಿಮೋಳ್,
ಹಡಗಿನ ಬ್ಯಾಂಡಿನ ಮಡಗಾಂವಿನವನೊಬ್ಬ.
ಎಲ್ಲರ ಹೆಗಲಲ್ಲೂ ಮೊದಲೇ ಒಂದು ಇರುತ್ತದೆ,
ಹೊರದೇಶದ್ದು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪಿನದು.
ಮತ್ತೆ ಯಾಕೆ ಬಂದಿರಿ, ಚಾ ಕುಡಿಯುತ್ತ ಕೇಳಿದ್ದೇನೆ.
ಭಾರ ಕಡಿಮೆ, ಅನ್ನುತ್ತಾರೆ. ಕತ್ತು ಬಾಗುವುದಿಲ್ಲ.
ದಪ್ಪ ತಂತಿ ಗುಂಯ್‌ಗುಡದೆ ಮಾತಾಡುತ್ತದೆ.
ನಿಜವೇ.
ಮರಕ್ಕೆ ಇಲ್ಲಿ ಮೂರು ಮಳೆಗಾಲ ತೋರಿಸುತ್ತಾರೆ,
ಹಲಸಿನ ಹಲಗೆಗೂ, ಕಾರ್ಖಾನೆಯ ಮಾಡಿನಿಂದಿಳಿಸಿದ ತೇಗದ ಪಕ್ಕಾಸಿಗೂ.
"ಬಾಗುವುದಿದ್ದರೆ ಇಲ್ಲೇ ಬಾಗಿ ಮುಗಿಸಲಿ.
ಆಟಿ ತಡೆದುಕೊಂಡ ಮರಕ್ಕೆ ಇನ್ನೆಂತ ಹೆದರಿಕೆ?"

ನನ್ನ ಸಂಗತಿ ಬೇರೆ.
ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಹಗಲು ಕೆಲಸ.
ಕ್ರಶರಿಗೆ ಎಡಗೈಯ ಕಿರುಬೆರಳು ಕೊಟ್ಟು
ಹನ್ನೊಂದು ತಿಂಗಳು ಮನೆಯಲ್ಲಿ ಕೂತೆ.
ಬ್ಯಾಂಡಿಗೆ ಹೊಸ ಹುಡುಗ ಬಂದ. ತಪ್ಪೇನಿಲ್ಲ, ಸೀಸನ್ನು.
ಡ್ರಮ್ಮರ್ ಆಲ್ವಿನನೇ ಬೈಕಿನ ಹಿಂದೆ ಕೂರಿಸಿ
ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋದ.

ಬಜೆಟ್ ಎಷ್ಟು, ಯಾವ ಬಣ್ಣ, ಯಾರ ಹಾಗೆ ಕೇಳಿಸಬೇಕು,
ಒಂದನ್ನೂ ಕೇಳಲಿಲ್ಲ ಕುವೆಲ್ಲೊ.
ಒದ್ದೆ ಆವೆಮಣ್ಣಿನ ಉದ್ದ ಮುದ್ದೆಯೊಂದನ್ನು ಕೈಗಿಟ್ಟು
"ಎಫ್ ಹಿಡಿ. ಗಟ್ಟಿ. ಈಗ ಜಿ."
ಇದ್ದ ಬೆರಳುಗಳು ಮಣ್ಣಿಗೆ ಇಳಿದವು.
ಇಲ್ಲದ್ದರ ಜಾಗದಲ್ಲಿ ಮಣ್ಣು ತುಸು ಉಬ್ಬಿ ನಿಂತಿತು.
ಕನ್ನಡಕ ಹಣೆಗೇರಿಸಿ
ಆ ಉಬ್ಬನ್ನೇ ನೋಡಿದರು, ಬಹಳ ಹೊತ್ತು.
ನನ್ನ ಮುಖ ನೋಡಲಿಲ್ಲ. ಅಯ್ಯೋ ಅನ್ನಲಿಲ್ಲ.

ಎರಡು ವರ್ಷ ಬಿಟ್ಟು ಫೋನು.
"ಆಯ್ತು, ಬಾ. ಬರುವಾಗ ನಂಗ್ ಮೀನು ಸಿಕ್ಕಿದರೆ ತಾ."

ಕತ್ತು ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ಸಪೂರ.
ಅಂಗಡಿಯಲ್ಲಿ ತೂಗುಹಾಕಿದರೆ ಯಾರೂ ಮುಟ್ಟಲಿಕ್ಕಿಲ್ಲ.
ಹೆಗಲಿಗೇರಿಸಿದಾಗ ಬೆರಳು ಮೂರೇ ಎಂಬುದು ಮರೆತುಹೋಯಿತು
ಎಂದರೆ ಸುಳ್ಳು.
ಮರೆಯಲಿಲ್ಲ. ಮರಕ್ಕೆ ಅದು
ಮೊದಲೇ ಗೊತ್ತಿತ್ತು, ಅಷ್ಟೆ.

ತಲೆಯ ಮೇಲೆ ಹೆಸರೇ ಇಲ್ಲವಲ್ಲ, ಎಂದೆ.
ಎಲ್ಲರೂ ಹಾಕುತ್ತಾರೆ, ಚಿನ್ನದ ಅಕ್ಷರದಲ್ಲಿ.
ಅವರು ಮಾಡಿನ ಕಡೆ ಉಳಿ ತೋರಿಸಿದರು.
"ಹೆಂಚಿಗೆ ಹೆಸರು ಎಲ್ಲಿ ಉಂಟು? ಅಡಿಯಲ್ಲಿ.
ಕಾಗೆಗೆ, ಮಳೆಗೆ ಯಾಕೆ ಮಾರಾಯ ಹೆಸರು?
ಕೆಳಗೆ ಮಲಗಿದವನಿಗೆ ನಿದ್ದೆ ಬರದಿದ್ದರೆ ಓದಲಿಕ್ಕೆ."

ಹಿಂಬದಿ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದರೆ
ಒಳಗೊಂದು ಮುದ್ರೆ ಉಂಟಂತೆ.
ಶಿಲ್ಲಾಂಗಿನವ ನೋಡಿದ್ದಾನೆ. ನಾನು ಬಿಚ್ಚಿಲ್ಲ.

ಹೊಸ ಹುಡುಗ ಮಸ್ಕತ್ತಿಗೆ ಹೋದ, ನನ್ನ ಜಾಗ ನನಗೆ ಸಿಕ್ಕಿತು.
ಮೊನ್ನೆ ಕುಲಶೇಖರದ ಹಾಲಿನಲ್ಲಿ
ಎಲ್ಲರ ಕಣ್ಣೂ ಮದುಮಗಳ ಮೇಲೆ, ಹಾಡುವವನ ಮೇಲೆ.
ಕಿವಿ ಪೂರ್ತಿ ಹೋದ ಅಜ್ಜಿಯೊಬ್ಬಳು
ನನ್ನ ಸ್ಪೀಕರಿನ ಹತ್ತಿರ ಕುರ್ಚಿ ಎಳೆಸಿಕೊಂಡು
ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತಳು.
ಕಾಲು ತಟ್ಟುತ್ತಿದ್ದಳು, ಒಂದು ಚೂರು ಹಿಂದೆ.
ಅವಳಿಗೆಂದು ನಾನೂ ತುಸು ನಿಧಾನ ಮಾಡಿದೆ.

ಆಲ್ವಿನ್ ತಿರುಗಿ ನೋಡಿದ,
ಕಣ್ಣು ಕೆಕ್ಕರಿಸಿ.