ಬಂಡೆ ನಂಬರ್ ೪೧೨

ಹೊಳಲ್ಕೆರೆ ರಸ್ತೆ, ಪೈಪು ನಲ್ಲಿ ಮಾರುವ ಅಂಗಡಿಯ ಮೇಲೆ,
ಎರಡನೇ ಮಹಡಿಯಲ್ಲಿ ನಾವು ಐದು ಜನ
ಕಲ್ಲು ಮಾಡುತ್ತಿದ್ದೆವು.

ದುರ್ಗದಲ್ಲಿ ಕೂತು ಕಲ್ಲು ಮಾಡೋದಾ!
ಟೀ ತರುವ ಮಸ್ತಾನ್ ಸಾಬರಿಗೆ ದಿನಾ ಅದೇ ನಗು.
ಕಿಟಕಿ ತೆಗೆದರೆ ಬಂಡೆ, ಬಂಡೆಯ ಹೆಗಲ ಮೇಲೆ ಬಂಡೆ,
ಈಗ ಉರುಳಿತು ಈಗ ಉರುಳಿತು ಅನ್ನಿಸುತ್ತಲೇ
ಯಾವ ಕಾಲದಿಂದಲೋ ಉರುಳದೆ ಕೂತದ್ದು.
ಪರದೆಯ ಮೇಲೂ ಬಂಡೆ.
ಸ್ವೀಡನ್ನಿನ ಯಾವುದೋ ಆಟಕ್ಕೆ ಗುಡ್ಡ ಬೇಕಿತ್ತು.
ಆಟದ ವೀರ ಯಾರು, ಯಾಕೆ ಓಡುತ್ತಾನೆ, ನಮಗೆ ಹೇಳಿರಲಿಲ್ಲ.
ಓಡುವಾಗ ಅವನ ಪಕ್ಕ ಕಲ್ಲಿರಬೇಕು, ಅಷ್ಟೆ.

ನನ್ನ ಪಾಲಿಗೆ ಪಾಚಿ, ಬಿರುಕು, ನೆರಳು.
ಜೋಗಿಮಟ್ಟಿ ದಾರಿಯಲ್ಲಿ ಫೋನ್ ಹಿಡಿದು
ಒಂದೇ ಬಂಡೆಯ ಸುತ್ತ ಸುತ್ತಿ ಇನ್ನೂರು ಫೋಟೊ ತೆಗೆದೆ.
'ಮದ್ವೆ ಗೊತ್ತಾಗೈತೇನಕ್ಕ ಇದಕ್ಕೆ?'
ಕುರಿ ಹುಡುಗ ಕೇಳಿದ.
ಬಂಡೆಯ ಬೆನ್ನಿಗೆ ಯಾರೋ ಸುಣ್ಣದಲ್ಲಿ ಬರೆದಿದ್ದರು,
ರತ್ನ ಅಂತಲೋ, ರಕ್ಷಿಸಿ ಅಂತಲೋ, ಅರ್ಧ ಮಳೆಗೆ ಹೋಗಿತ್ತು.
ಅಕ್ಷರ ಬೇಡ, ಅಳಿಸಿ, ಎಂದು ಆಚೆಯಿಂದ ಟಿಪ್ಪಣಿ.
ಅಳಿಸಿದೆ.
'ರ'ದ ತಲೆಕಟ್ಟೊಂದನ್ನು ಮಾತ್ರ ಪಾಚಿಯೊಳಗೆ ಬಚ್ಚಿಟ್ಟೆ.

ಮೊದಲು ಬಂದದ್ದು ಸುದ್ದಿಯಲ್ಲ, ತಡ.
ಹತ್ತಕ್ಕೆ ಬರುವ ದುಡ್ಡು ಇಪ್ಪತ್ತಕ್ಕೆ ಜಾರಿತು,
ಇಪ್ಪತ್ತರದ್ದು ಮುಂದಿನ ತಿಂಗಳಿಗೆ.
ಆಮೇಲೆ ಗುಡ್ಡ ಸಣ್ಣದಾಯಿತು.
ಆರುನೂರು ಕಲ್ಲು ಯಾಕೆ, ಮುನ್ನೂರು ಸಾಕು,
ಇದ್ದದ್ದನ್ನೇ ಮಗುಚಿ ಮಗುಚಿ ಇಡಿ, ಯಾರು ನೋಡುತ್ತಾರೆ.
ಪಾಲಾಕ್ಷಣ್ಣ ನಮ್ಮನ್ನು ಕೂರಿಸಿಕೊಂಡು ಹೇಳಿದರು:
ಅಲ್ಲಿ ಮನೆಸಾಲದ ಬಡ್ಡಿ ಏರಿದೆಯಂತೆ,
ಹುಡುಗರು ಹೊಸದು ಕೊಳ್ಳದೆ ಹಳೇ ಆಟವನ್ನೇ ಆಡುತ್ತಿದ್ದಾರಂತೆ,
ಲಾಕ್‌ಡೌನಿನಲ್ಲಿ ದುಡ್ಡು ಸುರಿದವರು
ಈಗ ಚೀಲದ ಬಾಯಿ ಕಟ್ಟಿದ್ದಾರಂತೆ.
ಅಂತೆ, ಅಂತೆ, ಅಂತೆ.
ಅಲ್ಲಿಯವರೆಗೆ ನಮ್ಮ ಸಂಬಳವೊಂದು ಅಂತೆಯಾಗಿರಲಿಲ್ಲ.

ಮಂಗಳವಾರ, ಸಂಜೆ ನಾಲ್ಕು ಹತ್ತು. ಕರೆಂಟಿಲ್ಲ.
ಯುಪಿಎಸ್ಸು ಕೂಗಿ ಕೂಗಿ ಸುಸ್ತಾಗುವುದರೊಳಗೆ
ಓದಿ ಮುಗಿಸಬೇಕಿತ್ತು ಮೇಲನ್ನು. ಓದಿದೆವು.
ಬಹಳ ಮರ್ಯಾದಸ್ಥ ಕಾಗದ.
ಆಟ ನಿಂತಿದೆ. ಅಲ್ಲೂ ನೂರಾಹನ್ನೊಂದು ಜನ ಮನೆಗೆ.
ಕೊನೆಯಲ್ಲಿ, ಸಹಿಯ ಕೆಳಗೆ, ಬೇರೆಯದೇ ದನಿ:
ನನಗೂ ಇವತ್ತೇ ಕೊನೆ ದಿನ. ೪೧೨ ನನಗೆ ಇಷ್ಟ.
ಪಾಚಿಯಲ್ಲಿ ಏನೋ ಇದೆಯಲ್ಲ, ಏನದು?
ಲಿನ್ನೆಯಾ.

ರಾತ್ರಿಯೆಲ್ಲ ಯೋಚಿಸಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ,
ತಲೆಕಟ್ಟು ಎಂದರೇನೆಂದು ಬರೆದು ಕಳಿಸಿದೆ.
ಕಣ್ಣು ಮಿಟುಕಿಸುವುದರಲ್ಲಿ ವಾಪಸು ಬಂತು.
ಆ ವಿಳಾಸದಲ್ಲಿ ಯಾರೂ ಇಲ್ಲ.

ಕಂಪ್ಯೂಟರುಗಳನ್ನು ಚಳ್ಳಕೆರೆಯವರು ಕೊಂಡರು, ಕುರ್ಚಿ ಸಮೇತ.
ನಾಜಿಮಾ ಈಗ ಫ್ಲೆಕ್ಸಿನಲ್ಲಿ ಮರಿ ಲೀಡರುಗಳ ಮುಖ ಬೆಳ್ಳಗೆ ಮಾಡುತ್ತಾಳೆ.
ಬೋರೇಶ ಏನು ಮಾಡುತ್ತಾನೆಂದು ಕೇಳಬೇಡಿ,
ಕೇಳಿದರೆ ಫೋನ್ ಇಟ್ಟುಬಿಡುತ್ತಾನೆ.
ನಾನು ಗ್ರಾನೈಟ್ ಅಂಗಡಿಯಲ್ಲಿ, ಸಮಾಧಿಕಲ್ಲಿಗೆ ಹೆಸರು ಜೋಡಿಸುತ್ತೇನೆ,
ಜನನ, ಮರಣ, ನಡುವೆ ಒಂದು ಗೆರೆ.
ಇಲ್ಲಿ ಕಲ್ಲು ಕಾಲ ಮೇಲೆ ಬಿದ್ದರೆ ಬೆರಳು ಹೋಗುತ್ತದೆ.
ಅದೇ ಒಂಥರಾ ನೆಮ್ಮದಿ.

ಚಳಿ ದೇಶದ ಯಾವುದೋ ಪೆಟ್ಟಿಗೆಯಲ್ಲಿ
ಮುನ್ನೂರು ಕಲ್ಲಿನ ಗುಡ್ಡಕ್ಕೆ ಈಗಲೂ ಬಿಸಿಲು ಬೀಳುತ್ತಿರಬಹುದು,
ಓಡಬೇಕಾದವನು ಹುಟ್ಟಲೇ ಇಲ್ಲ.

ಹೋದ ವಾರ ಜೋಗಿಮಟ್ಟಿ ಕಡೆ ಹೋಗಿದ್ದೆ.
ಬಂಡೆಗೆ ಹೊಸ ಬಣ್ಣ ಬಳಿದಿದ್ದಾರೆ:
ಗೇಮ್ ಡಿಸೈನ್ ಕೋರ್ಸ್, ನೂರಕ್ಕೆ ನೂರು ಉದ್ಯೋಗ.
ಫೋನ್ ನಂಬರಿನ ಕೊನೆಯ ಅಂಕಿ ಬಿರುಕಿನೊಳಗೆ ಹೋಗಿದೆ.

ಆ ಬಿರುಕು ನನಗೆ ಗೊತ್ತು.
ಎಷ್ಟು ಆಳವೆಂದು ಅಳೆದಿದ್ದೇನೆ.