ಜೋಡು ಹೊಲಿಗೆ

ಹೊಲಿಗೆ ತಪ್ಪಿ, ಕೌಲ್‌ಬಜಾರಿನ ಕಾರ್ಖಾನೆಯ
ಮೂಲೆಗೆ ಬಿದ್ದಿದ್ದ ಜೀನ್ಸ್ ಪ್ಯಾಂಟಿನ ಬಲಗಾಲು.
ಕೆಳಗಿನ ಬಾಯಿ ಹೊಲಿದು, ಹುರಿದ ಕಲ್ಲುಪ್ಪು ಸುರಿದು
ಮಾಬುನ್ನಿ ಮೊಣಕಾಲಿಗೆ ಇಟ್ಟುಕೊಳ್ಳುತ್ತಾಳೆ.
ಲಾಡಿ ಬಿಗಿಯಲು ಮಾತ್ರ ಮೊಮ್ಮಗಳು ಬೇಕು.

ಮಂದಿಯ ಮೊಣಕಾಲಿಗೆ ಮೂವತ್ತು ವರುಷ
ಜೋಡು ಹೊಲಿಗೆ ಹಾಕಿದ ಬೆರಳು
ಈಗ ಮುಂಜಾನೆ ಮಡಚುವುದಿಲ್ಲ.
ಬಿಸಿ ಚಾದ ಲೋಟವನ್ನು
ಎರಡೂ ಕೈಯಲ್ಲಿ ತಬ್ಬಿ ಕೂತರೆ
ಒಂದೊಂದೇ ಬಿಡುತ್ತವೆ,
ಬಜಾರಿನ ಶಟರುಗಳ ಹಾಗೆ,
ಕಿರುಗುಡುತ್ತ.

ಕೂತರೆ ಬಿಗಿ, ನಡೆದರೆ ಉರಿ.
‘ನಡೀರಿ, ನಡೀರಿ’ ಅಂತಾನೆ ಡಾಕ್ಟರು.
ಗುಡ್ಡ ಕಾಣುವ ತಿರುವಿನತನಕ ಹೋಗಿ
‘ನಾಳೆ ಹತ್ತತೀನಿ’ ಎಂದು
ಅದಕ್ಕೆ ದಿನಾ ಒಂದು ಸುಳ್ಳು ಹೇಳಿ ಬರುತ್ತಾಳೆ.

ನಮಾಜು ಈಗ ಕುರ್ಚಿಯ ಮೇಲೆ.
ಹಣೆ ನೆಲ ಮುಟ್ಟದ ನೋವಿಗೆ
ಗುಳಿಗೆ ಬರೆದಿಲ್ಲ ಯಾರೂ.

ರಾತ್ರಿ, ಓಣಿಯ ಆ ಕಡೆಯಿಂದ
ಹುಲಿಗೆಮ್ಮ ಕೂಗುತ್ತಾಳೆ:
‘ಏ ಮಾಬುನ್ನಿ, ನಿಂದು ಬಿಸಿ ಐತೇನ ಇನ್ನಾ?
ನಂದು ಆರಿತು ನೋಡು.’
ಕಟ್ಟೆಯ ಮೇಲೆ ಚಾಚಿದ ಆಕೆಯ ಕಾಲಿನ ಮೇಲೆ
ಉಪ್ಪು ತುಂಬಿಕೊಂಡು ಮಲಗಿದೆ
ಅದೇ ಪ್ಯಾಂಟಿನ ಎಡಗಾಲು.