ಎರಡು ಬಗೆಯ ಸೊನ್ನೆ

ಬೈಕುಲಾ ಸ್ಟೇಷನ್ನಿನ ಹಿಂದೆ, ಮೂರನೇ ಮಹಡಿ.
ಫ್ಯಾನಿಗೆ ಎರಡೇ ವೇಗ: ನಿಂತದ್ದು, ನಿಲ್ಲದ್ದು.
ಲೋಕಲ್ ಹಾದಾಗಲೆಲ್ಲ ಕೊತ್ವಾಲ್ ಸರ್
ಸೀಮೆಸುಣ್ಣ ಎತ್ತಿಹಿಡಿದು ಕಾಯುತ್ತಾರೆ,
ವಾಕ್ಯದ ಉಳಿದರ್ಧ ಬಾಯಲ್ಲೇ ಇಟ್ಟುಕೊಂಡು.
ಐವತ್ತರ ಹತ್ತಿರ ಬಂದ ಮೇಲೆ ನಾನು
ಲೆಕ್ಕ ಕಲಿಯಲು ಕೂತಿದ್ದೇನೆ,
ಗಲಭೆಯ ಲೆಕ್ಕ.

ಹಗಲು ಗ್ರಂಥಾಲಯದಲ್ಲಿ ಹಳೆ ಪತ್ರಿಕೆ ತಿರುವುವ ಕೆಲಸ.
ಗಲ್ಲಿಗೊಂದು ಸಾಲು, ವಾರಕ್ಕೊಂದು ಮನೆ.
ಕೈಪಿಡಿಯ ನಿಯಮ ಹೀಗೆ:
ವರದಿ 'ಕೆಲವರು' ಎಂದರೆ ಮೂರು ಬರೆ,
'ಹಲವರು' ಎಂದರೆ ಹತ್ತು.
'ಪರಿಸ್ಥಿತಿ ಉದ್ವಿಗ್ನ, ಆದರೆ ಹತೋಟಿಯಲ್ಲಿದೆ' ಎಂದರೆ
ಏನೂ ಬರೆಯಬೇಡ.
ಮೊದಲ ವಾರ ಊಟ ಸೇರಲಿಲ್ಲ.
ಮೂರನೆಯ ವಾರಕ್ಕೆ 'ಹಲವರು' ಕಂಡ ಕೂಡಲೇ
ಬೆರಳು ತಾನಾಗಿ ಹತ್ತು ಒತ್ತಿ
ಚಹಾದ ಲೋಟಕ್ಕೆ ಹೋಗುತ್ತಿತ್ತು.
ಅದನ್ನೂ ಎಲ್ಲಾದರೂ ನಮೂದಿಸಬೇಕಿತ್ತು. ಮನೆ ಇರಲಿಲ್ಲ.

ಕೊನೆಗೆ ದೂರ ನಿಂತು ನೋಡಿದರೆ
ಟೆರೇಸಿನಲ್ಲಿ ಒಣಹಾಕಿದ ಸಾಬಕ್ಕಿ ಸಂಡಿಗೆಯ ಹಾಗೆ
ಬರೀ ಸೊನ್ನೆ, ಸೊನ್ನೆ.

"ಸೊನ್ನೆಯಲ್ಲಿ ಎರಡು ಬಗೆ," ಅಂದರು ಸರ್.
ಲೋಕಲ್ ಹಾದುಹೋಯಿತು.
"ಆಗಲು ಸಾಧ್ಯವೇ ಇಲ್ಲದ್ದು ಒಂದು.
ಸಮುದ್ರದ ನಡುವಿನ ದೀಪಸ್ತಂಭದಲ್ಲಿ ದೊಂಬಿ ಆಗದು,
ಇರುವವನು ಒಬ್ಬನೇ.
ಇನ್ನೊಂದು, ಆಗಬಹುದಿತ್ತು, ಆಗಲಿಲ್ಲ.
ನೋಡಲು ಎರಡೂ ಒಂದೇ. ಆರಿಸಬೇಕು,
ಅಕ್ಕಿಯಲ್ಲಿ ಬಿಳಿಕಲ್ಲು ಆರಿಸಿದ ಹಾಗೆ."
"ಮೂರನೆಯದೂ ಇದೆಯಲ್ಲ ಸರ್," ಹಿಂದಿನ ಬೆಂಚಿನ ತೃಷಾಲಿ,
"ಆಗಿತ್ತು, ಯಾರೂ ಬರೆಯಲಿಲ್ಲ."
ಸರ್ ಬೋರ್ಡು ಒರೆಸಿದರು.
ತುಂಬ ಹೊತ್ತು ಒರೆಸಿದರು.

ಕುರ್ಲಾ ನನ್ನ ಪಾಲಿಗೆ ಬಂತು.
ನಮ್ಮದೇ ಗಲ್ಲಿ, ಆ ಜನವರಿ, ಎರಡನೇ ವಾರ.
ಜನಸಂದಣಿ, ಮುಚ್ಚಿದ ಗಿರಣಿ, ಪಕ್ಕದಲ್ಲೆದ್ದ ಬೆಂಕಿ,
ಎಲ್ಲ ಉಣಿಸಿದ ಮೇಲೆ ಕಂಪ್ಯೂಟರು
ಬೆಂಕಿಯ ಎದುರು ಮೂರು ನಕ್ಷತ್ರ ಹಾಕಿತು,
ಹೋಟೆಲಿಗೆ ಹಾಕುವ ಹಾಗೆ.
ಆಮೇಲೆ ಹೇಳಿತು: ನಿರೀಕ್ಷಿತ ಸಾವು, ನಾಲ್ಕು ದಶಾಂಶ ಎರಡು.
ಆದದ್ದು, ಸೊನ್ನೆ.
ಕಳೆದರೆ ಉಳಿಯುವುದು ಋಣ ನಾಲ್ಕು ದಶಾಂಶ ಎರಡು.
ಋಣ.
ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತ ಪದ,
ಎಷ್ಟೋ ವರ್ಷದ ಮೇಲೆ ನಾಲಿಗೆಗೆ ಬಂತು.
ಯಾರಿಗೆ ಎಂದು ಕಂಪ್ಯೂಟರು ಹೇಳುವುದಿಲ್ಲ.

ನನಗಾಗ ಹದಿನಾರು.
ಗಲ್ಲಿಯ ಬಾಯಿಗೆ ಅವರು ಬಂದಾಗ
ನಲ್ಲಿಯಲ್ಲಿ ನೀರಿರಲಿಲ್ಲ. ಕೊಡಗಳ ಸಾಲು ಮಾತ್ರ ಇತ್ತು,
ತಾಮ್ರ, ಪ್ಲಾಸ್ಟಿಕ್ಕು, ಎಣ್ಣೆಯ ಡಬ್ಬ,
ಈ ಗೋಡೆಯಿಂದ ಆ ಗೋಡೆಗೆ.
ಐದನೆಯ ಜಾಗ ತನ್ನದೆಂದು ಜುಲೇಖಾಬಿ,
ತನ್ನದೆಂದು ಅಮ್ಮ, ಬೆಳಗಿನಿಂದ ಜಗಳ.
ಹುಡುಗನೊಬ್ಬ ಕಾಲಲ್ಲಿ ಕೊಡ ಸರಿಸಿದ.
ಇಬ್ಬರೂ ಒಟ್ಟಿಗೇ ತಿರುಗಿದರು ಅವನ ಮೇಲೆ:
"ಏಯ್, ಲೈನ್ ಮುರೀಬೇಡ!"
ಸೀಮೆಎಣ್ಣೆ ಹಿಡಿದು ನಿಂತಿದ್ದವನು
ಯಾಕೋ, ಸಾಲಿನ ತುದಿ ಎಲ್ಲಿದೆಯೆಂದು
ಕತ್ತು ಚಾಚಿ ನೋಡಿದ.
ಈ ಊರಲ್ಲಿ ಬೆಳೆದ ಕಾಲುಗಳಿಗೆ ಅದೊಂದು ಗೊತ್ತು.
ಅಷ್ಟರಲ್ಲಿ ಯಾರೋ ಅತ್ತಲಿಂದ ಕೂಗಿದರು. ಹೋದರು.

ಹೋದದ್ದೆಲ್ಲಿಗೆ?
ಮುಂದಿನ ಗಲ್ಲಿಯ ಮನೆಯಲ್ಲಿ 'ಹಲವರು' ಇದೆ.
ಹತ್ತು ಎಂದು ನಾನೇ ಒತ್ತಿದ್ದೇನೆ.

ರಾತ್ರಿ ಅಮ್ಮನಿಗೆ ಫೋನು.
ಆ ದಿನವನ್ನು ಲೆಕ್ಕಕ್ಕೆ ಹೇಗೆ ಸೇರಿಸಲಿ,
ಏನೆಂದು ಹೆಸರಿಡಲಿ? ಸೌಹಾರ್ದ ಅನ್ನಲೇ?
"ಸೌಹಾರ್ದ? ಅವಳ ಜೊತೆ?"
ಅಮ್ಮ ನಕ್ಕಳು, ಕೆಮ್ಮಿದಳು.
"ಐದನೆಯದು ನನ್ನದೇ ಆಗಿತ್ತು, ಬರಕೋ.
ನೀರು ಬಂದದ್ದು ಸಂಜೆ ನಾಲ್ಕೂವರೆಗೆ.
ಗಡಿಬಿಡಿಯಲ್ಲಿ ನನ್ನ ಕೊಡ ಅವಳು ಹೊತ್ತುಕೊಂಡು ಹೋದಳು,
ಅವಳದ್ದು ಇನ್ನೂ ನನ್ನ ಹತ್ತಿರವೇ ಇದೆ.
ತಳ ಸ್ವಲ್ಪ ಸೋರುತ್ತೆ.
ಕೊಟ್ಟು ಬರಬೇಕು, ಕೊಟ್ಟು ಬರಬೇಕು ಅಂತ..."